ಮೊದಲು ಬಂದವರಿಗೆ ಹೊಲಿಗೆ ಮೆಷಿನ್

ನಾನು ಪುತ್ತೂರಿನಲ್ಲಿ ಕಾನೂನು ಓದುತ್ತಿದ್ದಾಗ ನನ್ನ ಸೋದರಮಾವ ಕಡಬದಲ್ಲಿ ಮಿಕ್ಸಿ, ಗ್ರೈಂಡರ್, ಹೊಲಿಗೆ ಮೆಷಿನ್‌ಗಳ ಅಂಗಡಿ ತೆರೆದರು. ಕರಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಬರೆದೆ: ‘ಶುಭಾರಂಭದ ದಿನ ಬೆಳಿಗ್ಗೆ ಒಂಬತ್ತಕ್ಕೆ ಈ ಕರಪತ್ರ ಹಿಡಿದು ಮೊದಲು ಒಳಗೆ ಬಂದವರಿಗೆ ಒಂದು ಹೊಲಿಗೆ ಮೆಷಿನ್ ಉಚಿತ. ಏನನ್ನೂ ಕೊಳ್ಳಬೇಕಾಗಿಲ್ಲ.’ ಕೊನೆಯ ವಾಕ್ಯ ಮಾವನಿಗೆ ಬಹಳ ಹಿಡಿಸಿತು. ಪೇಪರಿನೊಳಗೆ ಇಟ್ಟು ಸುತ್ತಲಿನ ಊರುಗಳಿಗೆಲ್ಲ ಹಂಚಿಸಿದರು.

ಮೊದಲು ಬರುವವರು ಯಾರೆಂಬುದು ಆಗಲೇ ನಿಶ್ಚಯವಾಗಿತ್ತು. ಸವಣೂರಿನ ಕಡೆಯ ಹಿರಿಯ ತೋಟದ ಧಣಿಯೊಬ್ಬರು ಕಾರಿನಲ್ಲಿ ಬಂದು, ಮೆಷಿನ್ ಪಡೆದು ಫೋಟೋಗೆ ನಿಂತು, ಅದನ್ನು ಅಲ್ಲೇ ಬಿಟ್ಟು ಹೋಗುವುದೆಂದು ಮಾತಾಗಿತ್ತು.

ಆ ದಿನ ನಾವು ಎಂಟಕ್ಕೇ ಹೋದರೂ ಶಟರಿನ ಎದುರಿನ ಮೆಟ್ಟಿಲಲ್ಲಿ ಒಬ್ಬ ಹೆಂಗಸು ಕೂತಿದ್ದರು. ಆಲಂಕಾರಿನಿಂದ ಮೊದಲ ಬಸ್ಸಿಗೆ ಬಂದವರು. ಪೋಲಿಯೊದಿಂದ ಅವರ ಎಡಗಾಲು ಸೊರಗಿತ್ತು. ಯಾರದೋ ಟೈಲರ್ ಅಂಗಡಿಯಲ್ಲಿ ಗುಂಡಿ ಹಚ್ಚುವ, ಅಂಚು ಹೊಲಿಯುವ ಕೆಲಸ ಅವರದು.

“ಕಾಲಲ್ಲಿ ತುಳಿಲಿಕ್ಕೆ ಆಗುದಿಲ್ಲ. ಮೋಟಾರಿನದ್ದು ಒಂದು ಸಿಕ್ಕಿದ್ರೆ ಮನೆಯಲ್ಲೇ ಕೂತು ಹೊಲೀಬಹುದು” ಎಂದರು. ನಾನು ಕೇಳದೆಯೇ ಹೇಳಿದ ಮಾತದು.

ಒಂಬತ್ತಕ್ಕೆ ಶಟರ್ ಮೇಲೇರಿತು. ಹೊರಗೆ ಮೂವತ್ತು ನಲವತ್ತು ಜನ ಸೇರಿದ್ದರು. ಕಾರು ಇನ್ನೂ ಬಂದಿರಲಿಲ್ಲ. ಆಕೆ ಬಾಗಿಲ ಚೌಕಟ್ಟು ಹಿಡಿದು ಒಳಗೆ ಬಂದು ಕರಪತ್ರ ಚಾಚಿದರು. ಮಾವ ಅದನ್ನು ತೆಗೆದುಕೊಂಡು ಆಕೆಯ ಕಾಲು ನೋಡಿದರು.

“ಶುಭಾರಂಭಕ್ಕೆ ಮೊದಲ ಕಾಲು ಇದಾ?”

ಕೆಲವರು ನಕ್ಕರು. ನಗು ಕೇಳಿ ಮಾವನಿಗೆ ಹುಮ್ಮಸ್ಸು ಬಂತು. ಕರಪತ್ರವನ್ನು ನಾಲ್ಕು ತುಂಡು ಮಾಡಿ ನೆಲಕ್ಕೆ ಹಾಕಿದರು. “ಹೋಗು, ಹೋಗು. ಅದು ಬರೇ ಜಾಹೀರಾತು. ಅದ್ರಲ್ಲಿ ಉಂಟು ಅಂತ ಎಲ್ಲ ಕೊಡ್ಲಿಕ್ಕೆ ಆಗ್ತದಾ?”

“ಮೊದಲು ಬಂದವರಿಗೆ ಅಂತ ನೀವೇ ಬರೆದದ್ದಲ್ವಾ ಅಣ್ಣ?”

ಮಾವ ನನ್ನತ್ತ ತಿರುಗಿದರು. “ನೀನು ಲಾ ಓದುದಲ್ವಾ ಮಾರಾಯ? ಇವಳಿಗೆ ಹೇಳು.”

ನನಗೆ ಗೊತ್ತಿತ್ತು. ಸ್ವಲ್ಪ ದಿನದ ಹಿಂದಷ್ಟೇ ಕ್ಲಾಸಿನಲ್ಲಿ ಆದ ಪಾಠ. ಸಾಮಾನ್ಯವಾಗಿ ಜಾಹೀರಾತು ಗಿರಾಕಿಯನ್ನು ಮಾತುಕತೆಗೆ ಕರೆಯುವ ಆಹ್ವಾನ ಮಾತ್ರ. ಬೇಡವೆಂದರೆ ಅಂಗಡಿಯವನು ಕೊಡಬೇಕಾಗಿಲ್ಲ. ಆದರೆ ಯಾರಿಗೆ, ಏನನ್ನು, ಏನು ಮಾಡಿದರೆ ಕೊಡುತ್ತೇವೆ ಎಂದು ಚೌಕಾಸಿಗೆ ಎಡೆಯಿಲ್ಲದಂತೆ ಬರೆದಿದ್ದರೆ ಅದೇ ಪ್ರಸ್ತಾವ. ಹೇಳಿದ್ದನ್ನು ಮಾಡಿ ತೋರಿಸಿದವರು ಅದನ್ನು ಒಪ್ಪಿದಂತೆ; ಕರಾರು ಆಗಿಹೋಯಿತು.

“ಅಕ್ಕಾ, ಕಾನೂನಿನಲ್ಲಿ ಜಾಹೀರಾತು ಅಂದ್ರೆ ಬರೇ ಆಹ್ವಾನ. ಕೊಡ್ಲೇಬೇಕು ಅಂತ ಇಲ್ಲ” ಎಂದೆ. ಉಳಿದರ್ಧ ನುಂಗಿದೆ. ಕಲಿತವನ ಮಾತೆಂದು ಜನ ತಲೆಯಾಡಿಸಿದರು.

ಆಕೆ ಒಂದು ಕೈ ಗಾಜಿನ ಕಪಾಟಿಗೆ ಊರಿ, ಬಗ್ಗಿ, ಆ ನಾಲ್ಕು ತುಂಡುಗಳನ್ನೂ ಹೆಕ್ಕಿದರು. ಬಹಳ ಹೊತ್ತು ಹಿಡಿಯಿತು. ಒಂದು ತುಂಡು ನನ್ನ ಚಪ್ಪಲಿಯ ಹತ್ತಿರವೇ ಬಿದ್ದಿತ್ತು. ನಾನು ಬಗ್ಗಲಿಲ್ಲ.

ಉಚಿತ ಕಾನೂನು ನೆರವಿನ ವಕೀಲರೊಬ್ಬರು ಪುತ್ತೂರಿನ ಕೋರ್ಟಿನಲ್ಲಿ ಆಕೆಯ ಪರವಾಗಿ ದಾವೆ ಹಾಕಿದರು. ಎರಡು ವರ್ಷ ಎಳೆಯಿತು. ಪ್ರತಿ ವಾಯಿದೆಗೂ ಆಕೆ ಆಲಂಕಾರಿನಿಂದ ಬಂದು ವರಾಂಡದ ಬೆಂಚಿನಲ್ಲಿ ಕೂರುತ್ತಿದ್ದರು. ನಾಲ್ಕು ತುಂಡುಗಳನ್ನು ಬಿಳಿ ಹಾಳೆಯ ಮೇಲೆ ಅಂಟಿಸಿ ತಂದಿದ್ದರು. ಕಟಕಟೆಯಲ್ಲಿ ಮಾವನಿಗೆ ನ್ಯಾಯಾಧೀಶರು ಕೇಳಿದ್ದು ಒಂದೇ ಪ್ರಶ್ನೆ: “‘ಏನನ್ನೂ ಕೊಳ್ಳಬೇಕಾಗಿಲ್ಲ’ ಅಂತ ಪ್ರಿಂಟ್ ಮಾಡಿಸಿದ್ದು ನೀವೇ ಅಲ್ವಾ?” ಮಾವ ಹೌದೆಂದು ಒಪ್ಪಿದರು. ಒಂದು ತಿಂಗಳೊಳಗೆ ಹೊಲಿಗೆ ಮೆಷಿನ್ ಕೊಡಬೇಕೆಂದು ತೀರ್ಪಾಯಿತು.

ಮಾವ ಊಟ ಬಿಟ್ಟು ಕೂತರು. ಅಷ್ಟರಲ್ಲಿ ನಾನು ವಕೀಲನಾಗಿದ್ದೆ. ತೀರ್ಪಿನ ಪ್ರತಿಯನ್ನು ಎರಡು ಸಲ ಓದಿ ಹೇಳಿದೆ: “ಮಾವ, ಇದ್ರಲ್ಲಿ ಹೊಲಿಗೆ ಮೆಷಿನ್ ಅಂತ ಮಾತ್ರ ಉಂಟು. ಮೋಟಾರ್ ಅಂತ ಎಲ್ಲಿಯೂ ಇಲ್ಲ.”

ಮಾವ ನನ್ನ ಮುಖ ನೋಡಿದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಗೋದಾಮಿನಲ್ಲಿದ್ದ ಹಳೇ ಮಾದರಿಯ, ಮೋಟಾರ್ ಕೂರಿಸಲಾಗದ ಕಾಲುಮೆಷಿನ್ ಒಂದನ್ನು ನಾನೇ ಆರಿಸಿದೆ. ಆಕೆ ಜೀಪು ಮಾಡಿಕೊಂಡು ಬಂದರು. ಹೊಸ ಸೀರೆ ಉಟ್ಟಿದ್ದರು. ಮೆಷಿನ್ನಿನ ಅಡಿಯ ತುಳಿಹಲಗೆ ನೋಡಿ ನಿಂತುಬಿಟ್ಟರು.

“ಇದು ಕಾಲಿನದ್ದು” ಎಂದರು.

“ಬರೆದದ್ದು ಅಷ್ಟೇ” ಎಂದೆ.

ಆಕೆ ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿದರು. ಸೂಜಿ ಕೆಳಗಿಳಿದು ಮೇಲೆ ಬಂತು. ರಶೀದಿಗೆ ಸಹಿ ಹಾಕಿ ಪೆನ್ನು ನನ್ನ ಕೈಗೇ ಕೊಟ್ಟು ಹೇಳಿದರು: “ಆವತ್ತು ನನ್ನನ್ನು ಅಕ್ಕ ಅಂತ ಕರೆದ್ರಿ. ಇನ್ನು ಹಾಗೆ ಕರೀಬೇಡಿ.”

ತಿಂಗಳೊಳಗೆ ಅದನ್ನು ಆಕೆ ಸಿಕ್ಕಿದ ಕ್ರಯಕ್ಕೆ ಮಾರಿದರೆಂದು, ಮತ್ತೆ ಅದೇ ಟೈಲರನ ಹತ್ತಿರ ಗುಂಡಿ ಹಚ್ಚಲು ಹೋಗುತ್ತಿದ್ದಾರೆಂದು ಜೀಪಿನವನಿಂದ ತಿಳಿಯಿತು.

ಪುತ್ತೂರಿನಲ್ಲಿ ಇಂದು ನನಗೆ ಬುದ್ಧಿವಂತ ವಕೀಲನೆಂಬ ಹೆಸರಿದೆ. ಹಬ್ಬಿಸಿದವರು ಮಾವ. ಮದುವೆಮನೆಗಳಲ್ಲಿ ಊಟದ ಪಂಕ್ತಿಯಲ್ಲಿ ಕೂತು, ಆ ಹೆಂಗಸಿನ ನಡಿಗೆಯನ್ನು ಹೆಗಲು ಕುಣಿಸಿ ತೋರಿಸುತ್ತಾ, ಮೋಟಾರಿನ ಕಥೆ ಹೇಳಿ ಜನರನ್ನು ನಗಿಸುತ್ತಿದ್ದರು. ಪಕ್ಕದ ಎಲೆಯಲ್ಲಿ ನಾನಿರುತ್ತಿದ್ದೆ. ನಾನೂ ನಗುತ್ತಿದ್ದೆ.