ಭರಮಣ್ಣನವರ ಸೀಟು ಪೈಪು
ಭಾನುವಾರ ಬಂತೆಂದರೆ ಭರಮಣ್ಣನವರು ಸೈಕಲ್ ತಳ್ಳಿಕೊಂಡು ಕೆ.ಬಿ. ಬಡಾವಣೆಯಲ್ಲಿರುವ ರೇವತಿಯವರ ಸೈಕಲ್ ಅಂಗಡಿಗೆ ಹಾಜರು. ಸೀಟಿನ ಕೆಳಗಿನ ಪೈಪು ಬದಲಾಯಿಸಬೇಕು, ಯಾವುದು ಬೇಕೆಂದು ಮಾತ್ರ ಗೊತ್ತಿಲ್ಲ. ಕಪ್ಪು ಪೈಪು ನೋಡಲು ಚೆಂದ, ಬೆಳ್ಳಿ ಬಣ್ಣದ್ದು ಹ್ಯಾಂಡಲ್ಲಿಗೆ ಹೊಂದುತ್ತದೆ. ನೇರವಾದದ್ದು ಗತ್ತಾಗಿ ಕಾಣುತ್ತದೆ, ಹಿಂದಕ್ಕೆ ಬಾಗಿದ್ದು ಬೆನ್ನಿಗೆ ಹಿತ. ಚಹಾ ಕುಡಿಯುವವರನ್ನು, ಹಾಲಿಗೆ ಹೊರಟವರನ್ನು, ಒಮ್ಮೆ ಲಗ್ನಪತ್ರಿಕೆ ಕೊಡಲು ಬಂದ ಬೀಗರನ್ನೂ ನಿಲ್ಲಿಸಿ, “ಎತ್ರ ಸರಿ ಐತೇನ್ರಿ?” ಎಂದು ಕೇಳಿದ್ದಾರೆ. ಸೀಟು ಏರಿಸಿ, ಇಳಿಸಿ, ಮತ್ತೆ ಏರಿಸುವುದನ್ನು ನೋಡಿ ಪಕ್ಕದ ಹೊಲಿಗೆ ಅಂಗಡಿಯ ನನಗೂ ತಲೆ ಕೆಟ್ಟಿತ್ತು. ಕಳೆದ ವಾರ ಅವರು ಸೀಟಿನ ಮೇಲೆ ಕೂತಾಗ, ಎಡಗಾಲಿನ ಚಪ್ಪಲಿಯ ಅಟ್ಟೆ ಮಾತ್ರ ದಪ್ಪಗಿರುವುದು ರೇವತಿಯವರಿಗೆ ಕಂಡಿತು. “ಲಾರಿ ಗುದ್ದಿದ ಮ್ಯಾಲೆ ಈ ಕಾಲು ಗಿಡ್ಡಾತ್ರಿ. ಆಮ್ಯಾಲೆ ಸೈಕಲ್ ಓಡ್ಸೇ ಇಲ್ಲ. ಬಲಗಾಲು ಸರಿ ಐತೆ ಅಂತೈತೆ, ಎಡಗಾಲು ಎಟುಕಲ್ಲ ಅಂತೈತೆ. ಯಾವ್ದರ ಮಾತು ಕೇಳ್ಲಿ?” ಎಂದರು ಭರಮಣ್ಣನವರು. ರೇವತಿ ಪಾನಾ ಹಿಡಿದು ಸೀಟಿನ ನಟ್ಟು ಸಡಿಲಿಸುತ್ತಾ, “ನೊಂದ ಕಾಲಿನ ಮಾತು ಕೇಳ್ರಿ,” ಎಂದರು. ಗಿಡ್ಡ ಪೈಪು ಹಾಕಿ ಸೀಟು ಇಳಿಸಿದರು. ಭರಮಣ್ಣನವರು, ಬಲಮೊಣಕಾಲು ಹ್ಯಾಂಡಲ್ಲಿಗೆ ತಾಗುತ್ತಿದ್ದರೂ, ಮನೆಯ ದಿಕ್ಕು ಬಿಟ್ಟು ಹರಿಹರದ ರಸ್ತೆ ಹಿಡಿದರು.