ಹುಲಿಗಳ ಸಾಲಿನಲ್ಲಿ ನಾನು ಯಾವನು

ಯಾರ ನಡಿಗೆ ಬೇಕು ಹೇಳಿ, ನಡೆದು ತೋರಿಸುತ್ತೇನೆ. ಮಸ್ಕಿಯಿಂದ ಸಿಂಧನೂರಿನ ಕಾಲೇಜಿಗೆ ನಾನು ಹೋಗುವ ಬಸ್ಸಿನಲ್ಲಿ ಕಂಡಕ್ಟರು ಹೊಟ್ಟೆಯನ್ನು ಮುಂದೆ ಕಳಿಸಿ ಹಿಂದಿನಿಂದ ತಾನು ಬರುವ ಠೀವಿ, ನಮ್ಮ ಓಣಿಯ ಕಿರಾಣಿ ಸಾಹುಕಾರರು ವಿಭೂತಿ ಅಳಿಸದಂತೆ ಹಣೆಯ ಬೆವರು ಒರೆಸುವ ನಾಜೂಕು, ಲಿಂಗಸುಗೂರಿನ ಅತ್ತೆ ಅಳುತ್ತ ಅಳುತ್ತಲೇ ಬಜ್ಜಿಯ ತಟ್ಟೆಯ ಮೇಲೆ ಒಂದು ಕಣ್ಣಿಡುವ ಬಗೆ, ಎಲ್ಲ ನನ್ನ ಬಳಿ ಇವೆ. ನನ್ನ ಮುಖದಲ್ಲಿ ಮಾತ್ರ ನೆನಪಿಡುವಂಥದ್ದೇನಿಲ್ಲ. ಕಾಲೇಜಿನ ಗ್ರೂಪ್ ಫೋಟೋದಲ್ಲಿ ನನ್ನನ್ನು ನಾನೇ ಹುಡುಕಬೇಕಾಗುತ್ತದೆ.

ಚಿಕ್ಕವನಿದ್ದಾಗ ನನಗೆ ಕಾಮಾಲೆಯಾಗಿತ್ತಂತೆ. ಅವ್ವ ಮನೆದೇವರಿಗೆ ಹೇಳಿಕೊಂಡಳು, ಅದು ಸಾಲದೆಂದು ಪೀರಲ ದೇವರಿಗೂ ಹರಕೆ ಹೊತ್ತಳು. ಮಗ ಉಳಿದರೆ ಮೊಹರಂಗೆ ಹುಲಿ ವೇಷ ಹಾಕಿಸುತ್ತೇನೆ, ಅವನು ದೊಡ್ಡವನಾಗಿ ಕಡೆಯ ವೇಷ ಹಾಕಿದ ದಿನ ನನ್ನ ಕೈಯಾರೆ ಅವನ ಬಾಯಿಗೆ ಚೊಂಗೆ ಇಟ್ಟು ಹರಕೆ ಮುಗಿಸುತ್ತೇನೆ ಎಂದು. ಚೊಂಗೆ ಎಂದರೆ ಬೆಲ್ಲ ಹಾಕಿದ ಹಬ್ಬದ ಸಿಹಿರೊಟ್ಟಿ. ಹಳದಿಯಾಗಿ ಮಲಗಿದ್ದ ಮಗನಿಗೆ ಮತ್ತೆ ಹಳದಿ ಬಳಿಯುವುದು ಯಾವ ಔಷಧವೋ, ಅದು ಅವ್ವನಿಗೂ ದೇವರಿಗೂ ಬಿಟ್ಟ ವಿಷಯ.

ಹೋದ ಮೊಹರಂನದು ನನ್ನ ಕಡೆಯ ವೇಷ. ಹಟ್ಟಿಯ ಗಣಿಯಲ್ಲಿ ಪಾಳಿ ಕೆಲಸ ಮಾಡುವ ಮಾವ ರಜೆ ಹಾಕಿ ಬಂದು ನಮ್ಮ ಓಣಿಯ ಐದು ಹುಡುಗರಿಗೂ ಒಂದೇ ಡಬ್ಬಿಯ ಬಣ್ಣ ಬಳಿದರು. ಒಂದೇ ಅಂಗಡಿಯ ರಟ್ಟಿನ ಮುಖವಾಡ, ಬಾಯಿಯ ಜಾಗದಲ್ಲಿ ತೂತು.

"ಮಾವ, ನನಗ ಪಟ್ಟಿ ಸ್ವಲ್ಪ ಬ್ಯಾರೆ ಎಳೀರಿ. ಅವ್ವಗ ಗುರುತು ಹತ್ತಬೇಕಲ್ಲ" ಅಂದೆ.

"ನಿಮ್ಮವ್ವ ಏನು ಪಟ್ಟಿ ನೋಡಿ ಹಡದಾಳೇನು ನಿನ್ನ? ಟೊಪಗಿ ಹಾಕ್ಕೊಂಡು ಗಣಿಯೊಳಗ ಇಳಿದ್ರ ನಾವೂ ಹಿಂಗ. ಸುಮ್ನ ಸಾಲಿನಾಗ ನಡಿ. ಇನ್ನು ಬಣ್ಣ ತೊಳಿಯೋತನಕ ಮಾತಾಡಬ್ಯಾಡ, ಹುಲಿ ಮಾತಾಡಿದ್ರ ಹರಕಿ ಮುರಿತೈತಿ."

ನನ್ನಂಥವನಿಗೆ ಬಾಯಿ ಮುಚ್ಚು ಎನ್ನುವುದು ಅರ್ಧ ಸಾವು. ಆದರೆ ಹಲಗೆಯ ಬಡಿತ ಶುರುವಾದ ಮೇಲೆ ಏನಾಯಿತೋ ಗೊತ್ತಿಲ್ಲ. ಒಂದು ಹುಲಿ ಕಾಲೆತ್ತಿದರೆ ಐದೂ ಎತ್ತಿದವು. ನಾನು ಎತ್ತಿದೆನೋ, ಕಾಲು ತಾನೇ ಎದ್ದಿತೋ. ದಿನಾ ಯಾರನ್ನಾದರೂ ನಗಿಸಲೇಬೇಕು ಎಂಬ ನನ್ನ ಚಾಕರಿಗೆ ಆ ಮಧ್ಯಾಹ್ನ ರಜೆ ಸಿಕ್ಕಿತ್ತು. ಹಾಯಾಗಿತ್ತು. ಹಾಯಾಗಿದ್ದುದಕ್ಕೇ ಸ್ವಲ್ಪ ಭಯವೂ ಆಯಿತು.

ಅವ್ವ ತಟ್ಟೆ ಹಿಡಿದು ಬಂದಳು. ಹಲಗೆ ನಿಂತಿತು, ಐದು ಹುಲಿಗಳು ಸಾಲಾಗಿ ನಿಂತೆವು. ಅವಳ ಕಣ್ಣು ಈ ತುದಿಯಿಂದ ಆ ತುದಿಗೆ ಹೋಯಿತು, ತಿರುಗಿ ಬಂತು. ನನ್ನ ಮೇಲೆ ನಿಲ್ಲಲಿಲ್ಲ.

ನಾಲ್ಕು ಹೆಜ್ಜೆ ನನ್ನ ಹಾಗೆ ನಡೆದರೆ ಸಾಕು, ಗುರುತು ಸಿಕ್ಕೀತು ಎಂದುಕೊಂಡು ಮುಂದೆ ಬಂದೆ. ಬಂದದ್ದು ಕಂಡಕ್ಟರನ ಹೊಟ್ಟೆ. ಅದನ್ನು ಒಳಗೆಳೆದುಕೊಂಡರೆ ಕೈ ಸಾಹುಕಾರರ ಹಣೆಗೆ ಹೋಯಿತು. ನನ್ನದು ಅಂತ ಒಂದು ನಡಿಗೆ ಇದ್ದಿರಲೇಬೇಕು, ಇಷ್ಟು ವರ್ಷ ನಡೆದಿದ್ದೇನೆ. ಎಲ್ಲಿಟ್ಟಿದ್ದೆನೋ, ಹೊಳೆಯಲೇ ಇಲ್ಲ.

ಅಷ್ಟರಲ್ಲಿ ಆ ತುದಿಯ ಹುಲಿ ಹೊರಬಂತು. ಒಂದು ಭುಜ ಮೇಲೆ, ಒಂದು ಕೆಳಗೆ. ನಿಂತು ಕಿವಿ ಕೆರೆದುಕೊಂಡಿತು, ಯಾರೂ ನಗುವ ಮೊದಲೇ ಹೊಟ್ಟೆ ಹಿಡಿದುಕೊಂಡು ಬಾಗಿತು.

"ಅಗಾ ನೋಡ್ರಿ, ಅಂವನ" ಅಂತ ಜನ ನನ್ನ ಹೆಸರು ಹಿಡಿದು ಕೂಗಿದರು.

ನಾನು ಹೀಗೆ ಕಾಣುತ್ತೇನೆಯೇ? ಛೇ, ಇಷ್ಟು ಅತಿಯೇ? ಆದರೂ ಬೇರೆ ದಾರಿ ಇರಲಿಲ್ಲ. ನಾನೂ ಭುಜ ಎತ್ತಿದೆ, ಕಿವಿ ಕೆರೆದೆ, ಬಾಗಿದೆ.

ಹಿಂದಿನಿಂದ ಒಬ್ಬ ಮುದುಕ ಹೇಳಿದ, "ಈ ಹುಲಿ ನೋಡಪಾ, ಅಂವನ್ನ ಅಣಕಸಾಕತ್ತೈತಿ. ಅಷ್ಟು ಚಲೋ ಬರವಲ್ದು."

ಅವ್ವ ಆ ತುದಿಗೆ ನಡೆದಳು. ಹುಲಿ ಅಲ್ಲ ಅಲ್ಲ ಎಂದು ತಲೆಯಾಡಿಸಿತು, ಕೈಯಾಡಿಸಿತು.

"ಸಾಕು ನಿನ್ನ ನಾಟಕ. ದೇವರ ಮುಂದರ ಸುಮ್ನಿರು. ಬಾಯಿ ತೆರಿ."

ಕೂಗಿದರೆ ಹರಕೆ ಮುರಿಯುತ್ತದೆ, ಕೂಗದಿದ್ದರೆ ಹರಕೆ ಇನ್ನೊಬ್ಬನ ಹೊಟ್ಟೆಗೆ ಹೋಗುತ್ತದೆ. ನಾನು ಯೋಚಿಸುತ್ತಿರುವಾಗಲೇ ಅವಳು ಅವನ ಬಾಯಿಗೆ ಚೊಂಗೆ ಇಟ್ಟು ಕಣ್ಣೊರೆಸಿಕೊಳ್ಳುತ್ತಿದ್ದಳು, ಹಲಗೆ ಮತ್ತೆ ಬಡಿಯತೊಡಗಿತ್ತು, ನನ್ನ ಕಾಲೂ ಎದ್ದಿತ್ತು.

ಸೀಮೆಎಣ್ಣೆ ಹಚ್ಚಿ ಮೈ ತಿಕ್ಕಿಕೊಂಡು ಮನೆಗೆ ಬಂದಾಗ ಅವ್ವ ಚಹಾ ಕೊಟ್ಟಳು. ಅಷ್ಟು ನಿರಾಳವಾಗಿ ಅವಳು ಕುಳಿತದ್ದನ್ನು ನಾನು ನೋಡಿರಲಿಲ್ಲ.

"ಎದಿ ಹಗುರ ಆತು ನೋಡಪಾ. ಚೊಂಗೆಗೆ ಬೆಲ್ಲ ಜಾಸ್ತಿ ಆಗಿತ್ತೇನು?"

ನಿಜ ಹೇಳಿದ್ದರೆ ಅವಳು ಅಲ್ಲೇ ನನ್ನ ರೆಪ್ಪೆ ಎಳೆದು ಕಣ್ಣು ಹಳದಿಯಾಗಿದೆಯೇ ಎಂದು ನೋಡುತ್ತಿದ್ದಳು. ನಾಳೆಯೂ, ನಾಡಿದ್ದೂ. "ಸರಿ ಇತ್ತು" ಅಂದೆ. ಹರಕೆ ತೀರಿದ್ದು ಅವಳ ಪಾಲಿಗೆ ನಿಜ. ನನ್ನ ಪಾಲಿಗೆ? ಗೊತ್ತಿಲ್ಲ. ಕನ್ನಡಿಯಲ್ಲಿ ಕಣ್ಣು ನೋಡಿಕೊಳ್ಳುವ ಕೆಲಸ ಈಗ ನನಗೆ ಬಂದಿದೆ.

ಆ ತುದಿಯ ಹುಲಿ ಯಾರೆಂದು ಬಣ್ಣ ತೊಳೆಯುವಾಗಲೇ ನೋಡಿದ್ದೆ. ಕುರಿ ಸಾಕುವ ಮನೆಯ ನನ್ನ ಗೆಳೆಯ. ನಾಲ್ಕು ಜನರ ಮುಂದೆ ನಿಲ್ಲಿಸಿದರೆ ನೆಲ ನೋಡುವವನು. ನಾನು ಅಣಕಿಸಲಾಗದ ಮನುಷ್ಯ ಊರಲ್ಲಿ ಅವನೊಬ್ಬನೇ, ಹಿಡಿದುಕೊಳ್ಳಲು ಏನಾದರೂ ಇರಬೇಕಲ್ಲ. ಮರುದಿನ ಅವರ ಕುರಿಹಟ್ಟಿಗೆ ಹೋದೆ.

"ಯಾಕಲೇ ನನ್ನಂಗ ಮಾಡಿದಿ?"

"ಮುಖವಾಡ ಇತ್ತಲ್ಲ, ಧೈರ್ಯ ಬಂತು. ನೀ ಎಲ್ಲಾರಂಗ ಮಾಡ್ತಿ. ನಿನ್ನಂಗ ಯಾರೂ ಮಾಡಿದ್ದಿಲ್ಲ."

ಅವನಿಂದ ನಾನು ಕೇಳಿದ ಅತಿ ಉದ್ದದ ಭಾಷಣ ಅದು. ಬೈಯಲು ಬಂದವನು, ಯಾವುದರಿಂದ ಶುರು ಮಾಡುವುದೆಂದು ತಿಳಿಯದೆ ಬಾಯಿಗೆ ಬಂದದ್ದನ್ನು ಕೇಳಿದೆ.

"ಬೆಲ್ಲ ಜಾಸ್ತಿ ಆಗಿತ್ತೇನು?"

ಅವನು ಒಂದು ಕುರಿಮರಿಯನ್ನು ತಾಯಿಯ ಕಡೆಗೆ ತಳ್ಳಿದ.

"ನನಗೇನು ಗೊತ್ತು? ಮಂದಿನ್ನ ಕೇಳು. ತಿಂದಾಂವ ನೀನು."