ಸುಬೇದಾರರು ಮುದ್ದೆ ಬಿಟ್ಟ ಸಂಗತಿ

ಇವತ್ತು ಬೆಳಿಗ್ಗೆ ಕಾಫಿ ಲೋಟ ಹಿಡಿದು ಪೇಪರು ಬಿಡಿಸುವಷ್ಟರಲ್ಲಿ ಕೆಳಗಿನ ಮನೆಯಿಂದ ರಾಗಿಹಿಟ್ಟು ಬೇಯುವ ವಾಸನೆ ಮೆಟ್ಟಿಲು ಹತ್ತಿಕೊಂಡು ನನ್ನ ಬಾಗಿಲಿಗೆ ಬಂತು. ದೊಡ್ಡ ಪಾತ್ರೆಯಲ್ಲಿ ಬೇಯುವ ರಾಗಿಯ ವಾಸನೆಯೇ ಬೇರೆ ಸ್ವಾಮಿ. ಗಂಡ ಹೆಂಡತಿ ಇಬ್ಬರ ಅಡುಗೆಗೆ ಅದು ಬರುವುದಿಲ್ಲ. ಪೇಪರು ಅಲ್ಲೇ ಬಿಟ್ಟು ಬಾಲ್ಕನಿಗೆ ಹೋಗಿ ಬಗ್ಗಿದೆ. ಅಂಗಳದಲ್ಲಿ ಸುಬೇದಾರರು ಬಾಡಿಗೆ ಕುರ್ಚಿಗಳನ್ನು ಒರೆಸುತ್ತಿದ್ದರು. ಹಾಗಾದರೆ ಈ ವರ್ಷವೂ ಊಟ ಇದೆ! ಆದರೆ ಸಿದ್ದಪ್ಪನವರು ಬರುತ್ತಾರೋ ಇಲ್ಲವೋ? ಅದನ್ನು ಕೂಗಿ ಕೇಳುವ ಧೈರ್ಯ ನನಗೆ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದನ್ನೇ ಈಗ ಹೇಳಹೊರಟಿದ್ದೇನೆ. ನಿಮಗೆ ಅವಸರದ ಕೆಲಸ ಇಲ್ಲ ತಾನೆ?

ನನ್ನದು ಕೆಟ್ಟ ಕುತೂಹಲ, ಮೊದಲೇ ಹೇಳಿಬಿಡುತ್ತೇನೆ. ಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತಳಾದವಳು; ಪ್ರಶ್ನೆ ಕೇಳುವುದು ರೂಢಿ, ಉತ್ತರ ಬರುವತನಕ ಎದುರಿನವರನ್ನು ನಿಲ್ಲಿಸಿಕೊಳ್ಳುವುದೂ ರೂಢಿ. ಎದುರುಮನೆಗೆ ಬಂದ ಕೊರಿಯರ್ ಡಬ್ಬದಲ್ಲಿ ಏನಿದೆಯೆಂದು ಗೊತ್ತಾಗದೆ ಮಧ್ಯಾಹ್ನದ ನಿದ್ದೆ ಕೆಡಿಸಿಕೊಂಡವಳು ನಾನು. ಇಂಥವಳಿಗೆ ಹೊಸಕೆರೆಹಳ್ಳಿಯಲ್ಲಿ ಮಹಡಿ ಮನೆ ಬಾಡಿಗೆಗೆ ಸಿಕ್ಕಿತು, ಬಾಲ್ಕನಿ ಸಮೇತ. ಓನರು ನಿವೃತ್ತ ಸುಬೇದಾರ್ ಮುನಿರಾಜು. ಅವರ ಅಪ್ಪ ಹುರುಳಿ ಬಿತ್ತುತ್ತಿದ್ದ ಹೊಲದ ಮೇಲೇ ಈ ಮನೆ ನಿಂತಿದೆ. ಸುಬೇದಾರರ ಶಿಸ್ತು ಬೀದಿಗೆಲ್ಲ ಗೊತ್ತು. ಸ್ಕೂಟರ್ ಅಡ್ಡ ನಿಲ್ಲಿಸಿದವನು ಅವರ ಕೆಮ್ಮು ಕೇಳಿದರೆ ಸಾಕು, ಓಡಿಬಂದು ನೆಟ್ಟಗೆ ನಿಲ್ಲಿಸುತ್ತಾನೆ. ನಾನೂ ಅವರ ಭಯಕ್ಕೇ ಒಣಗಿದ ಬಟ್ಟೆಯನ್ನು ಹೊತ್ತಿಗೆ ಸರಿಯಾಗಿ ತೆಗೆಯುವುದನ್ನು ಕಲಿತೆ. ಅಮ್ಮನ ಕೈಲಿ ಆಗದಿದ್ದದ್ದು ಅವರ ಕೈಲಾಯಿತು.

ವರ್ಷಕ್ಕೊಮ್ಮೆ ಅವರ ಅಂಗಳದಲ್ಲಿ ಹಳೇ ಪಟಾಲಮ್ಮಿನ ಗೆಳೆಯರ ಊಟ. ಅದಕ್ಕೆ ಅವರು 'ಬಡಾ ಖಾನಾ' ಅನ್ನುತ್ತಾರೆ. ಸೈನ್ಯದಲ್ಲಿ ಒಂದು ಪದ್ಧತಿಯಂತೆ: ಆ ಊಟದ ದಿನ ಮೇಲಿನ ದರ್ಜೆಯವರು ಸೌಟು ಹಿಡಿದು ಕೆಳಗಿನವರಿಗೆ ಬಡಿಸಬೇಕು. ಎಷ್ಟು ಚೆನ್ನಾಗಿದೆ ನೋಡಿ! ನಮ್ಮ ಸ್ಕೂಲಿನಲ್ಲಿ ಹೆಡ್‌ಮಾಸ್ಟರು ಒಂದು ಸಲ ನನಗೆ ಟೀ ಬಗ್ಗಿಸಿಕೊಟ್ಟಿದ್ದರೆ ನಾನು ಇನ್ನೊಂದಿಷ್ಟು ಕಾಲ ಸರ್ವಿಸು ಮಾಡುತ್ತಿದ್ದೆನೇನೋ. ಇಲ್ಲಿ ಎಲ್ಲರಿಗಿಂತ ಮೇಲಿನ ದರ್ಜೆ ಮುನಿರಾಜು ಅವರದು, ಆದ್ದರಿಂದ ಬಡಿಸುವವರು ಅವರು. ಎಲ್ಲರಿಗಿಂತ ಕೆಳಗಿನವರು ವಸಂತಪುರದ ಸಿದ್ದಪ್ಪ. ಬರೀ ಸಿಪಾಯಿಯಾಗಿ ಸೇರಿ ಸಿಪಾಯಿಯಾಗಿಯೇ ಮನೆಗೆ ಬಂದವರು. ಹಾಗಾಗಿ ಮೊದಲ ಮುದ್ದೆ ಯಾವಾಗಲೂ ಅವರ ತಟ್ಟೆಗೆ. ಕೋಳಿಸಾರು ಮುಟ್ಟದ ನನಗೆ ಸರೋಜಕ್ಕ, ಎಂದರೆ ಸುಬೇದಾರರ ಹೆಂಡತಿ, ಬೇರೆ ಬಸ್ಸಾರು ಮಾಡಿಟ್ಟಿರುತ್ತಾರೆ.

ಎಲ್ಲ ಸರಿ, ಆದರೆ ಸುಬೇದಾರರು ಮುದ್ದೆ ತಿನ್ನುವುದಿಲ್ಲ. ಹೊಸಕೆರೆಹಳ್ಳಿಯಲ್ಲಿ ಹುಟ್ಟಿದ ಗಂಡಸು, ಹೊಲ ಉತ್ತವರ ಮಗ, ಸೌಟು ಹಿಡಿದು ಊರಿಗೆಲ್ಲ ಬಡಿಸಿ ತಾನು ಮೂಲೆಯಲ್ಲಿ ಚಪಾತಿ ಮುರಿಯುತ್ತಾನೆ ಅಂದರೆ ನನ್ನಂಥವಳು ಸುಮ್ಮನಿರುವುದು ಹೇಗೆ? ಸಕ್ಕರೆ ಕಾಯಿಲೆಯಾ? ಅದಕ್ಕೆ ರಾಗಿಯೇ ಒಳ್ಳೆಯದಲ್ಲವೇ! ಹಲ್ಲಿನ ತೊಂದರೆಯಾ? ಮುದ್ದೆಗೆ ಹಲ್ಲೇ ಬೇಡ! ಸರೋಜಕ್ಕನನ್ನು ಕೇಳಿದೆ. "ಅಯ್ಯೋ ನನಗೇನ್ ಗೊತ್ತು ಟೀಚರಮ್ಮ. ನನ್ನ ಮದ್ವೆ ಆದಾಗ್ಲೇ ಬಿಟ್ಟಿದ್ರು. ಹೊಸದ್ರಲ್ಲಿ ಒಂದಿನ ಹಾಕ್ಬಿಟ್ಟೆ, ತಟ್ಟೆ ಬಿಟ್ಟು ಎದ್ದು ಹೋದ್ರು. ಆಮೇಲೆ ನಾನೂ ಕೇಳ್ಲಿಲ್ಲ" ಅಂದರು. ಕೇಳದೆ ಇರುವುದು ಒಂದು ವಿದ್ಯೆ. ಅದು ನನಗೆ ಹತ್ತಲಿಲ್ಲ.

ಹೋದ ವರ್ಷದ ಊಟದಲ್ಲಿ ಕೇಳಿಯೇಬಿಟ್ಟೆ. "ಎಲ್ಲರಿಗೂ ಬಡಿಸ್ತೀರಿ, ನೀವ್ಯಾಕೆ ಸುಬೇದಾರ್ರೇ ಮುದ್ದೆ ತಿನ್ನಲ್ಲ?" ನಗು ಬಂತು ಎಲ್ಲರಿಗೂ. ಸಿದ್ದಪ್ಪನವರು ತುತ್ತು ನುಂಗಿ, "ಅಯ್ಯೋ ಮೇಡಂ, ಇವನು ಅಲ್ಲಿ ಮುದ್ದೆ ಮುದ್ದೆ ಅಂತ ಪ್ರಾಣ ಬಿಡ್ತಿದ್ದ! ರಜಕ್ಕೆ ಊರಿಗೆ ಹೋದ್ರೆ ಟ್ರಂಕಲ್ಲಿ ಬಟ್ಟೆಗಿಂತ ಹಿಟ್ಟೇ ಜಾಸ್ತಿ ತುಂಬ್ಕೊಂಡ್ ಬರ್ತಿದ್ದ. ಈಗ ದೊಡ್ಡ ಮನುಷ್ಯ ಆಗ್ಬಿಟ್ಟಿದ್ದಾನೆ ಬಿಡಿ" ಅಂದರು. ಎಲ್ಲರೂ ಮತ್ತೆ ನಕ್ಕರು. ಸುಬೇದಾರರು ಮಾತ್ರ ನಗಲಿಲ್ಲ. ಸೌಟನ್ನು ಪಾತ್ರೆಯೊಳಗೆ ಇಟ್ಟು ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಸಂಜೆಗೆ ಮುಂಚೆ ಉಳಿದವರೆಲ್ಲ ಹೊರಟರು. ಸಿದ್ದಪ್ಪನವರು ಅಳಿಯನ ಬೈಕಿಗೆ ಕಾಯುತ್ತಾ ಕೂತಿದ್ದರು. ನಾನು ಮೇಲೆ ಹೋಗಲು ಎದ್ದೆ. ಸುಬೇದಾರರು, "ಕೂತ್ಕೊಳ್ಳಿ ಟೀಚರಮ್ಮ. ಕೇಳಿದ್ದು ನೀವೇ ತಾನೆ, ಕೇಳಿಸ್ಕೊಂಡೇ ಹೋಗಿ" ಅಂದರು. ಮೊದಲ ಸಲ ನನಗೆ ಏನನ್ನೂ ತಿಳಿದುಕೊಳ್ಳುವುದು ಬೇಡ ಅನ್ನಿಸಿತು. ಕಾಲು ಮಾತ್ರ ಏಳಲಿಲ್ಲ.

"ಸಿದ್ದ, ಆ ಮ್ಯೂಲು ಬಿತ್ತಲ್ಲ, ಅವತ್ತು ನೀನು ಕಟ್ಟಿದ್ದು ಸಡಿಲ ಆಗಿರ್ಲಿಲ್ಲ ಕಣೋ" ಎಂದು ಶುರುಮಾಡಿದರು.

ಮ್ಯೂಲು ಎಂದರೆ ಹೇಸರಗತ್ತೆ. ಗಡಿಯ ಬೆಟ್ಟಗಳಲ್ಲಿ ಜೀಪು ಹೋಗದ ಕಡೆ ಸಾಮಾನು ಹೊರುವುದು ಅವೇ. ಅದರ ಬೆನ್ನಿನ ಎರಡೂ ಪಕ್ಕಕ್ಕೆ ಸಮತೂಕದ ಹೊರೆ ಬೀಳಬೇಕು. ಒಂದು ಕಡೆ ಜಾಸ್ತಿಯಾದರೆ ಹಿಮದ ಹಾದಿಯಲ್ಲಿ ಜೀನು ತಿರುಗಿಬಿಡುತ್ತದೆ. ಆಗ ಮುನಿರಾಜು ಅವರದು ಹೊರೆ ತೂಗಿ ಕೊಡುವ ಕೆಲಸ, ಸಿದ್ದಪ್ಪನವರದು ಅದನ್ನು ಕಟ್ಟಿ ಮ್ಯೂಲನ್ನು ನಡೆಸುವ ಕೆಲಸ. ಮುನಿರಾಜು ರಜೆಯಿಂದ ರಾಗಿಹಿಟ್ಟು ತಂದಿದ್ದರು. ಮೇಲಿನ ಠಾಣ್ಯದಲ್ಲಿ ನಮ್ಮ ಕಡೆಯ ಹುಡುಗರು ಚಪಾತಿ ತಿಂದು ತಿಂದು ನಾಲಿಗೆ ಸತ್ತು ಕೂತಿದ್ದಾರೆ, ಅವರಿಗೆಲ್ಲ ಒಂದೊಂದು ಮುದ್ದೆಯಾಗಲಿ ಎಂಬ ಆಸೆ. ಸ್ವಂತ ಸಾಮಾನು ಕಳಿಸಲು ಅನುಮತಿ ಇಲ್ಲ. ತೂಗಿ ಮುಗಿಸಿದ ಮೇಲೆ ಒಂದು ಪಕ್ಕದ ಮೂಟೆಯೊಳಗೆ ಆ ಹಿಟ್ಟಿನ ಗಂಟನ್ನು ತುರುಕಿ ಹೊಲಿದುಬಿಟ್ಟರು. ತಿರುವಿನಲ್ಲಿ ಮ್ಯೂಲು ಕಣಿವೆಗೆ ಹೋಯಿತು. ವಿಚಾರಣೆಯಲ್ಲಿ ಸಿದ್ದಪ್ಪನವರೇ, ನಾನು ಸರಿಯಾಗಿ ಕಟ್ಟಿಲ್ಲದಿರಬಹುದು ಸಾಬ್ ಎಂದು ಒಪ್ಪಿಕೊಂಡರು. ಬರಬೇಕಿದ್ದ ಬಡ್ತಿಯ ಪಟ್ಟಿ ಅವರ ತೋಳಿಗೆ ಬರಲೇ ಇಲ್ಲ. ಆಮೇಲೆ ಅವರನ್ನು ಅಡುಗೆಮನೆ ಕೆಲಸಕ್ಕೆ ಹಾಕಿದರು.

"ನಾಳೆ ಹೇಳಣ, ನಾಳೆ ಹೇಳಣ ಅಂತ ಇದ್ದೆ. ಅಷ್ಟರಲ್ಲಿ ನನಗೆ ಪ್ರಮೋಷನ್ ಬಂತು. ಆಮೇಲೆ ಹೆದರಿಕೆ ಆಯ್ತು. ಆಮೇಲೆ ನಾಚಿಕೆ ಆಯ್ತು" ಅಂದರು ಸುಬೇದಾರರು.

ಸಿದ್ದಪ್ಪನವರು ಬೈಯುತ್ತಾರೆ ಅಂದುಕೊಂಡೆ. ಅವರು ತಮ್ಮ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತಾ ಕೂತಿದ್ದರು.

"ಹಂಗಾದ್ರೆ ನಾನ್ ಕಟ್ಟಿದ್ದು ಸರಿ ಇತ್ತಾ?"

"ಸರಿ ಇತ್ತು."

"ಒಂದು ಕಡೆ ಎಳೀತಿದೆ ಅಂತ ನನಗೆ ಅನ್ನಿಸ್ತು ಕಣೋ. ಬಿಚ್ಚಿ ನೋಡಣ ಅನ್ಕೊಂಡೆ. ತೂಗಿರೋನು ಮುನಿ ಅಲ್ವಾ ಅಂತ ಸುಮ್ನಾದೆ." ಅವರ ದನಿ ಏರಿತು. "ಪಟ್ಟಿ ಹಾಳಾಗ್ಲಿ ಅತ್ಲಾಗೆ. ಮೊಮ್ಮಗಳಿಗೆ ತೊಟ್ಟಿಲು ಕಟ್ಟಪ್ಪ ಅಂತ ಮಗಳು ಹಗ್ಗ ಕೊಟ್ರೆ ಪಕ್ಕದ ಮನೆಯವನನ್ನ ಕರೆದೆ ಕಣೋ ನಾನು! ನಾನ್ ಕಟ್ಟಿದ್ರೆ ಬಿಚ್ಕೊಳ್ಳುತ್ತೆ ಅಂತ. ನನ್ನ ಕೈನೇ ನಾನು ನಂಬ್ಲಿಲ್ಲ ಇಷ್ಟು ವರ್ಷ. ನೀನು ಪ್ರತಿ ವರ್ಷ ಅದೇ ಕೈಗೆ ಮುದ್ದೆ ಹಾಕ್ದೆ!"

ಬೈಕು ಬಂತು. ಸಿದ್ದಪ್ಪನವರು ತಿರುಗಿ ನೋಡದೆ ಹೋದರು.

ಆಮೇಲಿನ ವರ್ಷ ಹೇಗಿತ್ತು ಅಂತ ಕೇಳುತ್ತೀರಾ? ಸುಬೇದಾರರು ಫೋನು ಮಾಡಿದರೆ ಆ ಕಡೆ ಎತ್ತುತ್ತಿರಲಿಲ್ಲ. ವಸಂತಪುರಕ್ಕೆ ಹೋದರೆ, ಅಪ್ಪ ದೇವಸ್ಥಾನಕ್ಕೆ ಹೋಗಿದ್ದಾರೆ ಎಂದು ಮಗಳು ಬಾಗಿಲಲ್ಲೇ ಹೇಳುತ್ತಿದ್ದಳು. ಬೀದಿಯಲ್ಲಿ ಸ್ಕೂಟರುಗಳು ಮನಸ್ಸಿಗೆ ಬಂದ ಹಾಗೆ ನಿಂತವು, ಯಾರೂ ಕೆಮ್ಮಲಿಲ್ಲ. ಒಂದು ದಿನ ಅವರು ಮೆಟ್ಟಿಲ ಮೇಲೆ ಕೂತಿದ್ದಾಗ, ನಾನು ಕೇಳಬಾರದಿತ್ತು ಅಂದೆ. "ಸುಮ್ನಿರಿ ಟೀಚರಮ್ಮ. ನೀವು ಕೇಳದೆ ಇದ್ದಿದ್ರೆ ನಾನು ಹಂಗೇ ಹೋಗ್ಬಿಡ್ತಿದ್ದೆ. ಹೇಳಿದ್ದಕ್ಕೆ ಬೇಜಾರಿಲ್ಲ. ಅವನು ಹೋದ್ನಲ್ಲ, ಅದೇ ತಡ್ಕೊಳ್ಳಕ್ಕೆ ಆಗ್ತಿಲ್ಲ" ಅಂದರು. ಅಂಥ ಆಜಾನುಬಾಹು ಮನುಷ್ಯ ಅಷ್ಟು ಸಣ್ಣದಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಅಳು ಬಂತು.

ಇನ್ನು ಇವತ್ತಿನ ವಿಷಯ. ಮಧ್ಯಾಹ್ನ ಗೆಳೆಯರೆಲ್ಲ ಬಂದರು. ತಟ್ಟೆಗಳನ್ನು ಇಟ್ಟಾಯಿತು. ಸುಬೇದಾರರು ಗೇಟಿನ ಕಡೆಯೇ ನೋಡುತ್ತಾ ಬಡಿಸಲು ಕೈ ಮಾಡದೆ ನಿಂತಿದ್ದರು. ಆಗ ಆಟೋದಿಂದ ಸಿದ್ದಪ್ಪನವರು ಇಳಿದರು. ನೇರ ಅಂಗಳಕ್ಕೆ ಬಂದು, ಕೂರದೆ, "ಮುನಿ, ಅವತ್ತು ನನಗೊಬ್ಬನಿಗೆ ಹೇಳ್ದೆ. ನಾನು ತಪ್ಪಿತಸ್ಥ ಅಂತ ನಂಬಿರೋರು ಇಲ್ಲಿ ಕೂತಿದ್ದಾರೆ. ಇವರ ಮುಂದೆ ಹೇಳು" ಅಂದರು.

ಸುಬೇದಾರರು ಸೌಟು ಕೆಳಗಿಟ್ಟು ನೆಟ್ಟಗೆ ನಿಂತು ಹೇಳಿದರು. ವರದಿ ಒಪ್ಪಿಸುವ ಹಾಗೆ, ಒಂದೇ ದನಿಯಲ್ಲಿ: ಹಿಟ್ಟು ತಂದದ್ದು, ಮೂಟೆಗೆ ತುರುಕಿದ್ದು, ಮ್ಯೂಲು ಬಿದ್ದದ್ದು, ತಾನು ಬಾಯಿ ಮುಚ್ಚಿಕೊಂಡದ್ದು. ಗೆಳೆಯರಲ್ಲೊಬ್ಬರು ತಲೆ ಬಗ್ಗಿಸಿ ತಟ್ಟೆಯ ಅಂಚನ್ನು ಉಜ್ಜುತ್ತಿದ್ದರು.

"ಮ್ಯೂಲು ಮ್ಯೂಲು ಅಂತಿದ್ದೀಯಲ್ಲ, ಅದಕ್ಕೆ ಹೆಸರಿರ್ಲಿಲ್ವಾ?" ಕೇಳಿದರು ಸಿದ್ದಪ್ಪ.

ಸುಬೇದಾರರು ತಡವರಿಸಿದರು. "ಗೊರಸಿನ ಮೇಲೆ ನಂಬರ್ ಇತ್ತು..."

"ನಂಬರ್ ಸರ್ಕಾರದ್ದು. ನಾನು ಕರೀತಿದ್ದಿದ್ದು ಪುಟ್ಟತಾಯಿ ಅಂತ. ನಮ್ಮವ್ವನ ಹೆಸರು. ಯಾರಾದ್ರೂ ನಗಾಡ್ತೀರಿ ಅಂತ ನಿಮಗ್ಯಾರಿಗೂ ಹೇಳಿರ್ಲಿಲ್ಲ." ಸಿದ್ದಪ್ಪನವರು ಕುರ್ಚಿ ಎಳೆದುಕೊಂಡು ಕೂತರು. "ಮೊದಲಿಂದ ಹೇಳು. ಈ ಸಲ ಹೆಸರು ಹಿಡಿದು ಹೇಳು."

ಸುಬೇದಾರರು ಮೊದಲಿನಿಂದ ಶುರುಮಾಡಿದರು. ಹಿಟ್ಟಿನ ತನಕ ಸರಿಯಾಗಿ ಬಂದರು, ತೂಕದ ತನಕವೂ ಬಂದರು. "ತಿರುವಲ್ಲಿ ಪುಟ್ಟತಾಯಿ ಕಾಲು..." ಅನ್ನುವಲ್ಲಿಗೆ ಮಾತು ನಿಲ್ಲಿಸಿ, ಕೆಳಗಿಟ್ಟಿದ್ದ ಸೌಟನ್ನು ಮತ್ತೆ ಕೈಗೆತ್ತಿಕೊಂಡರು. ಆಮೇಲೆ ಸಿದ್ದಪ್ಪನವರು ಎದ್ದು ಹೋಗಿ ಅವರ ಪಕ್ಕದಲ್ಲಿ ನಿಂತು, ಉಳಿದದ್ದನ್ನು ತಾವೇ ಹೇಳಿ ಮುಗಿಸಿದರು.